ಕಣದ ಮೇಲಿನ ಕೋರ್ಟು

ಬಿಡದಿ
ಭಾನುವಾರ

ಲೇಔಟ್ ಸಂಘದ ಅಧ್ಯಕ್ಷರಾದ ವೃಷಭೇಂದ್ರಪ್ಪನವರಿಗೆ,

ಷಟಲ್ ಕೋರ್ಟಿನಲ್ಲಿ ಆಡುವ ಮಕ್ಕಳನ್ನು ಬೈಯುತ್ತಾರೆಂದು ಮೂಲೆಮನೆಯ ಕಾವೇರಮ್ಮನವರಿಗೆ ನೀವು ಬರೆಸಿದ ನೋಟಿಸಿಗೆ ನಾನು ಸಹಿ ಹಾಕಿಲ್ಲ. ಬೈಯುವುದೇಕೆಂದು ಅವರನ್ನೇ ಕೇಳಿದೆ.

“ಇದು ನಮ್ ಹೊಲ ಆಗಿದ್ದಾಗ ಇಲ್ಲೇ ಕಣ ಇತ್ತು ಮಗ. ರಾಗಿ ರಾಶಿಗೆ ಪೂಜೆ ಮಾಡ್ತಿದ್ದೋ. ಆ ಜಾಗ್ವ ಶೂ ಕಾಲಲ್ಲಿ ತುಳುದ್ರೆ ಒಟ್ಟೆ ಉರಿಯಾಕಿಲ್ವಾ?” ಎಂದರು.

ನನ್ನ ಮಗಳು ದಿವ್ಯ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು. ಇವತ್ತು ಬೆಳಿಗ್ಗೆ ನೋಡಿದರೆ ಮಕ್ಕಳೆಲ್ಲ ಬರಿಗಾಲಲ್ಲಿ ಆಡುತ್ತಿದ್ದರು.

ನೋಟಿಸನ್ನು ಹರಿದುಹಾಕಿ. ಅದರ ಬದಲು ಕೋರ್ಟಿನ ಪಕ್ಕದಲ್ಲಿ ಒಂದು ಚಪ್ಪಲಿ ಸ್ಟ್ಯಾಂಡ್ ಹಾಕಿಸಿ, ಬೇಗ. ಅಲ್ಲಿಯವರೆಗೆ ನಾಯಿಗಳು ಕಚ್ಚಿಕೊಂಡು ಹೋಗದಂತೆ ಮಕ್ಕಳ ಶೂಗಳನ್ನು ಕಾವೇರಮ್ಮನವರೇ ಕೋಲು ಹಿಡಿದು ಕಾಯುತ್ತಿದ್ದಾರೆ.

ನಿಮ್ಮವ,
ರುದ್ರಪ್ರಸಾದ್
ಸಂಘದ ಕಾರ್ಯದರ್ಶಿ