ಬ್ರೇಕಿಗೆ ಹಚ್ಚಿದ ಗ್ರೀಸು

ಭಾನುವಾರ, ಮಧ್ಯಾಹ್ನ

ಮನೆಯ ಮೆಕ್ಯಾನಿಕ್ ಮಹಾಶಯರಿಗೆ,

ನಾನು ಕ್ಷೇಮ. ಅತ್ತೆಯವರೂ ಕೋಲು ಹಿಡಿದು ಬಾಗಿಲವರೆಗೆ ಬರುತ್ತಾರೆ. ಫೋನಿನಲ್ಲಾದರೆ ನೀವು ಮಧ್ಯೆ ಬಾಯಿ ಹಾಕುತ್ತೀರಿ, ಅದಕ್ಕೇ ಕಾಗದ.

ನೀವು ಬೇಡವೆಂದರೂ ಬೈಕ್ ರಿಪೇರಿ ಮಾಡಿಸಿದೆ. ಆಸ್ಪತ್ರೆಯ ನನ್ನ ಬೆಳಗಿನ ಪಾಳಿಗೆ ಬಸ್ಸಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಇಳಿಜಾರಿನಲ್ಲಿ ಹಿಂದೆ ಕೂತಿದ್ದ ಅತ್ತೆಯವರನ್ನು ಬೀಳಿಸಿ ಸೊಂಟ ಮುರಿದದ್ದು ನಾನೋ ಗಾಡಿಯೋ ಎಂದು ನನಗೆ ತಿಳಿಯಬೇಕಿತ್ತು.

ಮೊದಲನೆಯ ಮೆಕ್ಯಾನಿಕ್ ಬ್ರೇಕಿನ ಕೇಬಲ್ ಬದಲಾಯಿಸಿ, ಫಸ್ಟ್ ಕ್ಲಾಸ್ ಆಗಿದೆ ಮೇಡಂ ಅಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಮನೆಗೆ ಬಂದು ಗೇಟಿಗೇ ಗುದ್ದಿದೆ. ಎರಡನೆಯವನು ಗಾಡಿಯನ್ನು ನೋಡಲೂ ಇಲ್ಲ. ಹೆಂಗಸರಿಗೆ ಬ್ರೇಕ್ ಒತ್ತೋಕೆ ಬರಲ್ಲ ಅಂತ ಹೇಳಿ ಪೆಡಲ್ ಬಿಗಿ ಮಾಡಿ ಕಳಿಸಿದ.

ಮೂರನೆಯವಳು ಬಸ್ ಡಿಪೋ ಹಿಂದಿನ ಗ್ಯಾರೇಜಿನ ಹೆಂಗಸು. ಬಾಯಿ ಬಲು ಜೋರು. ಕಥೆ ಆಮೇಲೆ ಹೇಳಿ, ಮೊದ್ಲು ಚಕ್ರ ಬಿಚ್ಚೋಣ, ನೀವೂ ಇಲ್ಲೇ ಕೂತು ನೋಡಿ ಅಂದಳು. ಹಿಂದಿನ ಚಕ್ರದ ಬ್ರೇಕ್ ಡ್ರಮ್ ತೆರೆದವಳೇ ಅಯ್ಯಯ್ಯೋ ಅಂದು ನನ್ನ ಬೆರಳು ಹಿಡಿದು ಒಳಗೆ ಒತ್ತಿದಳು. ಗ್ರೀಸು! ರೊಟ್ಟಿಗೆ ಬೆಣ್ಣೆ ಸವರಿದ ಹಾಗೆ. ಚಕ್ರಾನ ಹಿಡಿದು ನಿಲ್ಲಿಸೋ ಜಾಗಕ್ಕೇ ಗ್ರೀಸ್ ಹಚ್ಚಿದಾರೆ, ಯಾರು ಒತ್ತಿದ್ರೂ ಗಾಡಿ ನಿಲ್ಲಲ್ಲ, ಯಾವ ಪುಣ್ಯಾತ್ಮ ಮಾಡಿದ್ದು ಅಂತ ಕೇಳಿದಳು. ಅಲ್ಲೇ ಟೈರಿನ ಮೇಲೆ ಕೂತುಬಿಟ್ಟೆ.

ನಾವು ಬೀಳುವ ಮುಂಚೆ, ಬ್ರೇಕು ಕಿರ್ರೆನ್ನುತ್ತದೆಂದು ಚಕ್ರ ಬಿಚ್ಚಿ ಕೂತವರು ನೀವು. ಸದ್ದು ನಿಂತಾಗ ಹೊಗಳಿದವಳು ನಾನು. ಹೋಗಲಿ, ತಪ್ಪು ಯಾರಿಂದಲೂ ಆಗುತ್ತದೆ. ಆದರೆ ನಾವು ಬಿದ್ದ ಮಾರನೆಯ ದಿನವೇ, ಚಕ್ರ ಮಾತ್ರ ಯಾರ ಕೈಲೂ ಬಿಚ್ಚಿಸಬೇಡ, ಹಾಗೇ ಗುಜರಿಗೆ ಹಾಕು ಅಂದಿರಲ್ಲ! ಅಂದರೆ ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಆ ಪಾಪವನ್ನು ನನ್ನ ತಲೆಗೆ ಕಟ್ಟಿ, ವರ್ಗ ಮಾಡಿಸಿಕೊಂಡು ಬೇರೆ ಊರಿಗೆ ಹೋದಿರಿ. ಇಂಥ ಮನುಷ್ಯನ ಜೊತೆ ಇಷ್ಟು ದಿನ ಸಂಸಾರ ಮಾಡಿದೆನೇ? ಇನ್ನೂ ನಂಬಲಾಗುತ್ತಿಲ್ಲ.

ಗ್ಯಾರೇಜಿನಾಕೆ ಗ್ರೀಸು ಹತ್ತಿದ್ದ ಬ್ರೇಕಿನ ಶೂ ಬದಲಾಯಿಸಿ, ನನಗೆ ಧೈರ್ಯ ಬರುವವರೆಗೂ ಅಂಗಡಿಯ ಮುಂದೆ ಓಡಿಸಿ ನಿಲ್ಲಿಸಲು ಹೇಳಿದಳು. ಗಾಡಿ ಈಗ ನಿಲ್ಲುತ್ತದೆ. ನೀವು ಬಂದು ಅತ್ತೆಯವರಿಗೆ ನಿಜ ಹೇಳಿ. ನಾನು ಹೇಳಿದರೆ ಗಂಡನ ಮೇಲೆ ಚಾಡಿ ಅಂದುಕೊಳ್ಳುತ್ತಾರೆ.

ಬ್ರೇಕ್ ಒತ್ತಲು ಬರುವ
ನಿಮ್ಮ ಹೆಂಡತಿ

ತಾ.ಕ.: ಕಾಗದ ಮೇಜಿನ ಮೇಲಿಟ್ಟು ಒಳಗೆ ಹೋಗಿ ಬರುವಷ್ಟರಲ್ಲಿ ಅತ್ತೆ ಕನ್ನಡಕ ಹಾಕಿಕೊಂಡು ಪೂರ್ತಿ ಓದಿಬಿಟ್ಟಿದ್ದಾರೆ. ಪೆನ್ನು ಕೇಳಿದರು. ಕೆಳಗಿನದು ಅವರ ಕೈಬರಹ.

ಮಗನೇ, ಸೊಂಟ ಹೇಗೋ ಕೂಡಿಕೊಂಡಿತು. ನಾನು ಇವಳನ್ನು ಕೊಲೆಗಾತಿ ಅಂತ ಬಾಯಿಗೆ ಬಂದ ಹಾಗೆ ಬೈಯುವಾಗ ನೀನು ಪಕ್ಕದಲ್ಲೇ ಕೂತಿದ್ದೆ. ಇವಳೇ ಮಾಡಿಕೊಟ್ಟ ಟೀ ಕುಡಿಯುತ್ತಾ, ಹೌದಮ್ಮ, ಹೌದಮ್ಮ ಅಂತ ತಲೆ ಆಡಿಸುತ್ತಿದ್ದೆ.