ಎಂಟು ದಿನ ಬಿಟ್ಟು

ಮಾರ್ಚ್ 13, ಶುಕ್ರವಾರ. ಸಂಜೆ.

ಆಫೀಸು. ಫ್ಯಾನು ಕೆಟ್ಟು ಮೂರನೇ ವಾರ. ಕಣ್ಣಾಸ್ಪತ್ರೆಯಿಂದ ಮತ್ತೆ ಫೋನು. ದೊಡ್ಡ ಡಾಕ್ಟರು ಬರುವುದು ಗುರುವಾರ ಮಾತ್ರ. ಮತ್ತೆ ಬರಬೇಕಾದ ದಿನಕ್ಕೆ ನಮ್ಮ ಸಾಫ್ಟ್‌ವೇರ್ ಕೊಡುವ ಚೀಟಿಯಲ್ಲಿ ಬೀಳುತ್ತಿರುವುದು ಶುಕ್ರವಾರದ ತಾರೀಖು. ಇವತ್ತೂ ಒಂದಷ್ಟು ಜನ ಬಂದು ಡಾಕ್ಟರ ಕೋಣೆಯ ಬೀಗ ನೋಡಿ ಹೋದರಂತೆ. ಒಬ್ಬರಂತೂ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಎರಡು ಬಸ್ಸು ಬದಲಿಸಿ ಬಂದವರು.

ಅಲ್ಲಿ ಚೀಟಿ ಕೊಡುವ ಕೌಂಟರಿನಾಕೆ ತಪ್ಪು ಬಟನ್ ಒತ್ತುತ್ತಿದ್ದಾರೆ ಎಂದು ನಮ್ಮ ಮೇನೇಜರು ಆಸ್ಪತ್ರೆಯವರಿಗೆ ಹೇಳಿಬಿಟ್ಟಿದ್ದಾರೆ. ಯಾರೂ ನೋಡುವ ಮೊದಲೇ. ಆಕೆಯನ್ನು ಕೆಲಸದಿಂದ ಬಿಡಿಸುವ ಮಾತು ನಡೆದಿದೆ.

ಕೋಡು ಈ ಕೆಲಸದಲ್ಲಿ ನನಗಿಂತ ಹಿಂದಿದ್ದವನು ಪಿಎಚ್‌ಪಿಯಲ್ಲಿ ಬರೆದಿಟ್ಟು ಹೋದದ್ದು. ಅವನು ಬಿಟ್ಟ ಮೇಲೆ ನನ್ನ ತಲೆಗೆ ಬಂತು. ಹಿಂದಕ್ಕೆ ಎಣಿಸಿ ನೋಡಿದೆ, ಮುಂದಕ್ಕೆ ಎಣಿಸಿ ನೋಡಿದೆ, ಫೆಬ್ರವರಿ ದಾಟಿಸಿ ನೋಡಿದೆ. ಲೆಕ್ಕ ಸರಿ. ಎರಡೇ ಬಟನ್ — ‘ಎಂಟು ದಿನ’, ‘ಹದಿನೈದು ದಿನ’. ಎಂಟು ಒತ್ತಿದರೆ ಎಂಟು ಕೂಡಿಸುತ್ತದೆ. ಗುರುವಾರಕ್ಕೆ ಎಂಟು ಕೂಡಿಸಿದರೆ ಶುಕ್ರವಾರವೇ. ಇನ್ನೇನು ಬರಬೇಕಿತ್ತು?

ಮಾರ್ಚ್ 14

ಕೌಂಟರಿನಾಕೆಗೆ ಫೋನು ಮಾಡಿದೆ. ಕೈಯಲ್ಲಿ ಬರೆಯುತ್ತಿದ್ದಾಗ ಒಂದು ಚೀಟಿಯೂ ತಪ್ಪಿರಲಿಲ್ಲವಂತೆ. ದನಿಯಲ್ಲಿ ಸಿಟ್ಟಿಗಿಂತ ಸುಸ್ತು.

“ಡಾಕ್ಟ್ರು ಎಂಟು ದಿನ ಅಂತಾರೆ, ನಾನು ಎಂಟು ದಿನ ಒತ್ತುತ್ತೀನಿ. ಇನ್ನೇನು ಮೇಡಂ, ಒಂಬತ್ತು ಒತ್ಲಾ?”

ನೋಡುತ್ತೇನೆ ಎಂದೆ.

ಮಾರ್ಚ್ 15, ಭಾನುವಾರ

ಅಮ್ಮನ ಮನೆ. ಹೊರಡುವಾಗ, ಇನ್ನು ಯಾವಾಗ ಬರ್ತೀಯೆ ಎಂದಳು. ಎಂಟು ದಿನ ಬಿಟ್ಟು ಬರ್ತೀನಿ ಎಂದೆ.

“ಸರಿ, ಭಾನುವಾರ ಒಂದು ಹಿಡಿ ಅಕ್ಕಿ ಜಾಸ್ತಿ ಹಾಕ್ತೀನಿ. ಬರ್ಲಿಲ್ವೋ, ಸೋಮವಾರ ತಂಗಳನ್ನ ನಿನ್ನ ಮನೆಗೇ ಬರತ್ತೆ.”

ಒಂದು ಕಾಲಿಗೆ ಚಪ್ಪಲಿ ಹಾಕಿದ್ದೆ. ಹಾಗೇ ನಿಂತೆ.

ಭಾನುವಾರ. ಸೋಮವಾರವಲ್ಲ. ಎಂಟು ದಿನ ಅಂದರೆ ನಮ್ಮಲ್ಲಿ ಒಂದು ವಾರ — ಇವತ್ತನ್ನೂ ಸೇರಿಸಿ. ಹದಿನೈದು ದಿನ ಅಂದರೆ ಎರಡು ವಾರ. ನಾನೇ ಅಂದೆ, ಅಮ್ಮನೂ ಹಾಗೇ ಕೇಳಿಸಿಕೊಂಡಳು, ಇಬ್ಬರೂ ಎಣಿಸಲಿಲ್ಲ.

ಹಿಂದಿನವನ ಮನೆಮಾತು ಬೇರೆ. ನಮ್ಮ ಮಾತನ್ನು ಕೆಲಸಕ್ಕೆ ಬೇಕಾದಷ್ಟು ಕಲಿತಿದ್ದ. ಇದು ಲೆಕ್ಕದ ತಪ್ಪಲ್ಲ, ಅನುವಾದದ ತಪ್ಪು. ಅನುವಾದಿತ ಕಾದಂಬರಿಗಳಲ್ಲಿ ಇಂಥ ಸಾಲು ಸಿಕ್ಕರೆ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತೇನೆ: ಪದ ಸರಿ, ಮಾತು ತಪ್ಪು. ಸಂಬಳ ತೆಗೆದುಕೊಂಡು ಓದಿದ ಸಾಲಿನಲ್ಲಿ ಮಾತ್ರ ಕಾಣಲಿಲ್ಲ.

ಮಾರ್ಚ್ 18, ಬುಧವಾರ

ಸೋಮವಾರವೇ ತಿದ್ದಿದೆ. ಎಂಟಿದ್ದಲ್ಲಿ ಏಳು, ಹದಿನೈದಿದ್ದಲ್ಲಿ ಹದಿನಾಲ್ಕು. ಬಟನ್ ಮೇಲಿನ ಮಾತು ಹಾಗೇ ಇದೆ.

ಮೇನೇಜರಿಗೆ ಹೇಳಿದೆ. ಸದ್ಯ, ಸದ್ದಿಲ್ಲದೆ ಹಾಕಿಬಿಡಿ ಎಂದರು. ಕೌಂಟರಿನಾಕೆಯ ವಿಷಯ ಎತ್ತಿದೆ.

“ಇನ್ನೂ ಎರಡು ಆಸ್ಪತ್ರೆ ನಮ್ಮ ಹತ್ರ ಬರೋದ್ರಲ್ಲಿವೆ. ಈಗ ತಪ್ಪು ನಮ್ದೇ ಅಂತ ಡಂಗುರ ಹೊಡೀಬೇಕಾ? ನೀವು ಕೋಡ್ ನೋಡ್ಕೊಳ್ಳಿ. ಅವರ ಜನಾನ ಅವರು ನೋಡ್ಕೋತಾರೆ.”

ಬಂದು ಕುರ್ಚಿಯಲ್ಲಿ ಕೂತೆ. ನಿನ್ನೆ ಇಡೀ ದಿನ ಹಾಗೇ ಕೂತೆ.

ಇವತ್ತು ಆಸ್ಪತ್ರೆಯ ಫೋನಿನಲ್ಲಿ ಹೊಸ ದನಿ. ಯಾವ ಬಟನ್ ಯಾವುದಕ್ಕೆ ಎಂದು ಕೇಳಿದಳು. ಮೊದಲಿನವರು ಎಲ್ಲಿ ಎಂದೆ. ಅವರ ಕೆಲಸ ಶುಕ್ರವಾರಕ್ಕೆ ಮುಗಿಯುತ್ತೆ ಮೇಡಂ, ನಂಗೆ ಕಲಿಸಿಕೊಡ್ತಿದಾರೆ, ತುಂಬಾ ಚೆನ್ನಾಗಿ ಹೇಳಿಕೊಡ್ತಾರೆ… ಎಂದಳು.

ದಣಿವಾಗಿದೆ. ಈ ವಯಸ್ಸಿಗೆ ಮತ್ತೆ ಕೆಲಸ ಹುಡುಕುವ ಯೋಚನೆಗೇ ಮೈ ಭಾರ. ಆದರೂ.

ನಾಳೆ ದೊಡ್ಡ ಡಾಕ್ಟರು ಇರುತ್ತಾರೆ. ಆಕೆಯೂ ಇರುತ್ತಾರೆ. ಆಸ್ಪತ್ರೆಗೇ ಹೋಗಿ, ತಪ್ಪು ನಮ್ಮದೆಂದು ಇಬ್ಬರ ಎದುರಿಗೇ ಹೇಳುವುದು. ಮೇನೇಜರಿಗೆ ಹೇಳಿ ಹೋಗುವುದಿಲ್ಲ. ಹೋಗಿ ಬಂದು ಹೇಳುತ್ತೇನೆ.