ಹೊಗಳಿಸಿಕೊಂಡ ಶೌಚಾಲಯ

ಮಂಗಳವಾರ, ಜೂನ್ ೧೧

ಕಿಬ್ಬೊಟ್ಟೆ ಇನ್ನೂ ಉರಿಯುತ್ತಿದೆ. ಅದಕ್ಕಿಂತ ಹೆಚ್ಚು ಉರಿಸುತ್ತಿರುವುದು ಇಂದಿನ ಹೊಗಳಿಕೆ.

ನಾವು ಹೊಲಿಯುವ ಅಂಗಿಗಳನ್ನು ಕೊಳ್ಳುವ ವಿದೇಶಿ ಕಂಪನಿಯಾಕೆ ತಪಾಸಣೆಗೆ ಬಂದಿದ್ದಳು. ಹೆಂಗಸರ ಶೌಚಾಲಯವನ್ನು ಇಣುಕಿ ನೋಡಿ, ಇಷ್ಟು ಸ್ವಚ್ಛವಾದದ್ದನ್ನು ಯಾವ ಕಾರ್ಖಾನೆಯಲ್ಲೂ ಕಂಡಿಲ್ಲ ಎಂದಳು. ಸೂಪರ್‌ವೈಸರ್ ಹಲ್ಲು ಕಿರಿದ. ಸ್ವಚ್ಛವಾಗಿರದೆ ಇನ್ನೇನು? ಒಳಗೆ ಹೋಗಲು ಮಿಷನ್ನುಗಳ ಇಡೀ ಸಾಲಿಗೆ ಒಂದೇ ಟೋಕನ್, ಅದೂ ಅವನ ಜೇಬಿನಲ್ಲಿ. ಕೇಳಿದರೆ, "ಮನೇಲೇ ಮುಗಿಸ್ಕೊಂಡು ಬರೋಕೇನು ರೋಗ?" ಎಂದು ಎಲ್ಲರೆದುರು ಕೂಗುತ್ತಾನೆ. ಅದಕ್ಕೇ ನಾವು ಸಂಜೆ ಕೆಲಸ ಬಿಡುವ ತನಕ ಗುಟುಕು ನೀರೂ ಮುಟ್ಟುವುದಿಲ್ಲ.

"ಒಲೆ ಹಚ್ಚದ ಮನೇಲಿ ಮಸಿ ಎಲ್ಲಿಂದ ಬರುತ್ತೆ?" ಎಂದು ಪಕ್ಕದ ಮಿಷನ್ನಿನ ಅಕ್ಕ ಗೊಣಗಿದಳು. ನಗು ಬಂತು. ತಡೆದುಕೊಂಡೆ. ಮೂತ್ರ ಕಟ್ಟಿಕೊಂಡು ಕೂತವಳಿಗೆ ನಗುವುದೂ ಅಪಾಯ.

ಕಂಪನಿಯಾಕೆಯ ಕಾರು ಗೇಟು ದಾಟಿದ್ದೇ ತಡ, ಸೂಪರ್‌ವೈಸರ್ ಶೌಚಾಲಯದ ಒಂದು ಬಾಗಿಲು ಬಿಟ್ಟು ಉಳಿದವಕ್ಕೆಲ್ಲ ಬೀಗ ಜಡಿದ. "ಒಳ್ಳೇ ಹೆಸರು ಬಂದಿದೆ, ಕೆಡಿಸ್ಬೇಡಿ."

ನೀರು ಚೆನ್ನಾಗಿ ಕುಡಿಯಬೇಕು ಎಂದು ಡಾಕ್ಟರಮ್ಮ ಮೊನ್ನೆಯೂ ಬೈದರು. ತಂಬಿಗೆ ತುಂಬಿ ಹಾಸಿಗೆಯ ಪಕ್ಕದಲ್ಲಿಟ್ಟುಕೊಂಡಿದ್ದೇನೆ. ಬೆಳಗಾಗುವ ತನಕ ಎಷ್ಟು ಬೇಕಾದರೂ ಕುಡಿಯಬಹುದು, ಬೆಳಗಾದ ಮೇಲೆ ಮತ್ತೆ ಅವನ ಜೇಬಿನ ಟೋಕನ್.